ಆರನೆಯ ಕುಂಡ

ವಿಜ್ಞಾನದ ಮೇಷ್ಟ್ರಿಗೆ,

ನಮಸ್ಕಾರ. ನಿನ್ನೆ ನನ್ನ ಮಗಳ ನೆನಪಿಗಾಗಿ ಶಾಲೆಯ ತರಕಾರಿ ತೋಟದಲ್ಲಿ ಸೇರಿದ್ದ ತಮಗೂ ಮಕ್ಕಳಿಗೂ ಕೃತಜ್ಞತೆಗಳು. ತಮ್ಮ ಅನುಕಂಪವನ್ನು ಮಾತ್ರ ಸ್ವೀಕರಿಸಲಾರೆ. ಅದರ ಮೇಲೆ ನನಗೆ ಸಂಶಯವಿದೆ.

"ಅವಳೇ ಬಿತ್ತಿದ್ದು ಸರ್, ನೋಡಿ ಹೇಗೆ ಹಬ್ಬಿದೆ!" ಎಂದು ತಾವು ಆರನೆಯ ಕುಂಡದ ಬೀನ್ಸ್ ಬಳ್ಳಿಯನ್ನು ಕುಂಡಸಮೇತ ನನ್ನ ಕೈಗಿತ್ತಿರಿ. ಆಗ ಮಕ್ಕಳೇಕೆ ನೆಲ ನೋಡುತ್ತಿದ್ದರು? ಅವಳು ಆ ಕುಂಡಕ್ಕೆ ಹಾಕಿದ್ದು ಬೇಯಿಸಿದ ಬೀಜ. ಜೀವವಿಲ್ಲದ ಬೀಜ ಮೊಳೆಯದೆಂದು ತೋರಿಸುವುದೇ ಅವಳ ಪ್ರಯೋಗವಾಗಿತ್ತು. ಬೇಯಿಸಿಕೊಟ್ಟವನು ನಾನೇ. ನೀರೆರೆದರೆ ಮೊಳೆತೀತೆಂದು ತಮಾಷೆಗೆ ವಾದಿಸಿದಾಗ, "ಅಪ್ಪಾ, ನಿಮ್ಮ ಚರ್ಚಾಸ್ಪರ್ಧೆ ಕಾಲೇಜಲ್ಲೇ ಮುಗೀತು. ಬೀಜ ನಿಮ್ಮ ಮಾತು ಕೇಳಲ್ಲ" ಎಂದು ನಕ್ಕಿದ್ದಳು. ಆಸ್ಪತ್ರೆಗೆ ಸೇರಿದ ದಿನದವರೆಗೂ ಅವಳ ಪ್ರಯೋಗದ ಪುಸ್ತಕದಲ್ಲಿ "ಮೊಳೆತಿಲ್ಲ" ಎಂದೇ ಇದೆ.

ಬೀಜ ಬದಲಿಸಿದವರು ಯಾರೆಂದು ಕೇಳುವುದಿಲ್ಲ. ನನ್ನ ಸಮಾಧಾನಕ್ಕಾಗಿ ಅವಳ ಸರಿಯುತ್ತರವನ್ನು ತಪ್ಪು ಮಾಡಿದಿರಿ.

ಬಳ್ಳಿಯನ್ನು ಹಿಂದಿರುಗಿಸುತ್ತಿದ್ದೇನೆ, ಪಾತಿಯಲ್ಲಿ ನೆಡಿ, ಅದರದೇನೂ ತಪ್ಪಿಲ್ಲ. ಖಾಲಿಯಾದ ಕುಂಡಕ್ಕೆ ಇಂದು ಬೆಳಿಗ್ಗೆ ಮತ್ತೆ ಬೀಜ ಬೇಯಿಸಿ ಹಾಕಿದ್ದೇನೆ. ಮನೆಯಲ್ಲಿ ಯಾರನ್ನೂ ಕೇಳಿಲ್ಲ, ತಮ್ಮನ್ನೂ ಕೇಳುತ್ತಿಲ್ಲ. ಸೋಮವಾರದಿಂದ ದಿನವೂ ನಾನೇ ಕುಂಡದೊಡನೆ ಬಂದು, ಮಕ್ಕಳೆದುರು ನೀರೆರೆದು, ಅವಳ ಪುಸ್ತಕದಲ್ಲಿ ಕಂಡದ್ದನ್ನೇ ಬರೆಯುತ್ತೇನೆ.

ಇಂತು,
ಆರನೆಯ ಕುಂಡದವಳ ತಂದೆ