ನಿನ್ನನ್ನು ಕೇಳದೆ ನಾನು ಕೊಟ್ಟ ಉತ್ತರ

ಉಳ್ಳಾಲದ ಮಿಸ್ರಿಯಾಗೆ, ಶೆಫೀಲ್ಡಿನ ಬಾಡಿಗೆ ಮನೆಯಲ್ಲಿ ನಿನ್ನ ಪಕ್ಕದ ಕೋಣೆಯಲ್ಲಿದ್ದ ಚಂದ್ರಿಕಾ ಬರೆಯುವುದು.

ಇಷ್ಟು ವರ್ಷ ಸುಮ್ಮನಿದ್ದು ಈಗೇಕೆ ಎಂದು ನೀನು ಕೇಳಿದರೆ ತಪ್ಪಿಲ್ಲ. ನಾನೀಗ ಬರ್ಮಿಂಗ್‌ಹ್ಯಾಮಿನ ಹಾರ್ಬೋರ್ನ್‌ನಲ್ಲಿದ್ದೇನೆ. ಇಲ್ಲಿನ ಒಂದು ಆಸ್ಪತ್ರೆಯಲ್ಲಿ ಕಿವಿ ಕೇಳದ ಮಕ್ಕಳ ಕ್ಲಿನಿಕ್ ನೋಡಿಕೊಳ್ಳುತ್ತೇನೆ. ಗಂಡ ಹರಿಪ್ರಸಾದ ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಡಾಕ್ಟರು. ಏಳು ವರ್ಷದ ಮಗಳಿದ್ದಾಳೆ. ನಾನು ಕನ್ನಡದಲ್ಲಿ ಗದರಿದರೆ ಇಂಗ್ಲಿಷಿನಲ್ಲಿ ವಾದಿಸುತ್ತಾಳೆ. ಕಳೆದ ತಿಂಗಳು ಊಟದ ಹೊತ್ತಿನಲ್ಲಿ ಸ್ಟಾಫ್ ರೂಮಿನ ರೇಡಿಯೋದಲ್ಲಿ ಮುಖ ಮುಚ್ಚುವ ಬಟ್ಟೆಯನ್ನು ಈ ದೇಶವೂ ನಿಷೇಧಿಸಬೇಕೇ ಎಂಬ ಚರ್ಚೆ ನಡೆಯುತ್ತಿತ್ತು. ಫ್ರಾನ್ಸ್ ಮಾಡಿದೆ, ಬೆಲ್ಜಿಯಂ ಮಾಡಿದೆ, ಡೆನ್ಮಾರ್ಕ್ ಮಾಡಿದೆ, ನಾವೇಕೆ ಹಿಂದೆ ಮುಂದೆ ನೋಡುತ್ತಿದ್ದೇವೆ ಎಂದು ಒಬ್ಬರಾದ ಮೇಲೆ ಒಬ್ಬರು ಫೋನ್ ಮಾಡುತ್ತಿದ್ದರು. ಸ್ಯಾಂಡ್‌ವಿಚ್ ತಿನ್ನುತ್ತಿದ್ದ ಸಹೋದ್ಯೋಗಿಯೊಬ್ಬಳು ನನ್ನ ಕಡೆ ತಿರುಗಿ, ನೀನೇನು ಹೇಳುತ್ತೀಯ ಎಂದಳು. ಡಬ್ಬಿ ತೊಳೆಯುವ ನೆಪದಲ್ಲಿ ನಾನು ಸಿಂಕಿನ ಕಡೆ ಎದ್ದುಹೋದೆ. ಅಂಥ ಪ್ರಶ್ನೆಗೆ ಹಿಂದೊಮ್ಮೆ ನಾನು ಉತ್ತರ ಕೊಟ್ಟಿದ್ದೆ, ಮಿಸ್ರಿಯಾ. ಅದು ನಿನಗೆ ಗೊತ್ತಿಲ್ಲ.

ಮೊದಲು ಆ ಮನೆಯ ನೆನಪಾಗುತ್ತದೆ. ಬಸ್ಸೇ ಉಸಿರುಗಟ್ಟಿ ಹತ್ತುವಂಥ ಆ ಏರುರಸ್ತೆ, ಒಂದಕ್ಕೊಂದು ಅಂಟಿಕೊಂಡ ಕೆಂಪು ಇಟ್ಟಿಗೆಯ ಮನೆಗಳು, ನಮ್ಮಿಬ್ಬರ ಕೋಣೆಯ ನಡುವಿನ ತೆಳು ಗೋಡೆ. ನಾನು ಮೈಸೂರಿನ ಸಸ್ಯಾಹಾರಿ, ನೀನು ಸಮುದ್ರದ ಪಕ್ಕದವಳು. ಶನಿವಾರ ಮಾರ್ಕೆಟ್ಟಿನಿಂದ ಬಂಗುಡೆ ತಂದು ನೀನು ಹುರಿಯಲು ನಿಂತರೆ ಹೊಗೆಯ ಅಲಾರಂ ಬಡಿದುಕೊಳ್ಳುತ್ತಿತ್ತು. ನೀನು ಕುರ್ಚಿ ಹತ್ತಿ ಅದರ ಕೆಳಗೆ ಟವೆಲ್ ಬೀಸುವುದು, ನಾನು ಜನವರಿಯ ಚಳಿಯಲ್ಲಿ ಕಿಟಕಿಗಳನ್ನೆಲ್ಲ ತೆರೆದು ಮೂಗು ಮುಚ್ಚಿಕೊಂಡು ಬಯ್ಯುವುದು. ಆಮೇಲೆ ನೀನೇ ನನಗೆಂದು ಬೇರೆ ಕಾವಲಿಯಲ್ಲಿ ನೀರುದೋಸೆ ಹೊಯ್ದು ಕೊಡುತ್ತಿದ್ದೆ. ನೀನು ನಗುವಾಗ ಬಾಯಿಗೆ ಕೈ ಅಡ್ಡ ಇಡುತ್ತಿರಲಿಲ್ಲ. ಅಷ್ಟು ಬಿಚ್ಚುನಗೆಯವಳು ಹೊರಗೆ ಹೊರಟಾಗ ಕನ್ನಡಿಯ ಮುಂದೆ ನಿಂತು ನಿಖಾಬ್ ಕಟ್ಟಿಕೊಂಡು, ಕಣ್ಣಷ್ಟೇ ಉಳಿಸಿಕೊಳ್ಳುವುದನ್ನು ನೋಡಿದರೆ ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು.

ಸಿಟ್ಟು ನಿನ್ನ ತಂದೆಗೂ ಇತ್ತು. ಭಾನುವಾರ ವಿಡಿಯೋ ಕರೆಯಲ್ಲಿ ಬಂದರೆ ಆ ನಿವೃತ್ತ ಮೇಷ್ಟ್ರು ನಿಮ್ಮ ಬ್ಯಾರಿ ಭಾಷೆಯಲ್ಲಿ ಶುರುಮಾಡುತ್ತಿದ್ದರು; ನೀನು ನನಗೆ ಕನ್ನಡದಲ್ಲಿ ಅದನ್ನು ಹೇಳಿ ನಗುತ್ತಿದ್ದೆ. ನಿನ್ನ ಅಮ್ಮ ಮುಖ ಮುಚ್ಚಿದವಳಲ್ಲ, ಅಜ್ಜಿ ತಲೆಗೊಂದು ಬಟ್ಟೆ ಕಟ್ಟಿದ್ದು ಬಿಟ್ಟರೆ ಮುಖ ಮುಚ್ಚಿದವಳಲ್ಲ, ನಿನಗೆ ಯಾರು ಹೇಳಿಕೊಟ್ಟದ್ದು ಎಂಬುದು ಅವರ ಪ್ರಶ್ನೆ. ಯಾರೂ ಹೇಳಿಕೊಟ್ಟದ್ದಲ್ಲ, ಹತ್ತೊಂಬತ್ತನೆಯ ವಯಸ್ಸಿನಲ್ಲಿ ನಾನೇ ಓದಿ ನಾನೇ ತೀರ್ಮಾನಿಸಿದ್ದು ಎಂಬುದು ನಿನ್ನ ಉತ್ತರ. ನನ್ನ ಬಳಿ ಆ ಉತ್ತರವೂ ನಡೆಯುತ್ತಿರಲಿಲ್ಲ. ಟ್ರಾಮಿನಲ್ಲಿ ಜನ ನಿನ್ನನ್ನು ನೋಡಿ, ಆಮೇಲೆ ನನ್ನನ್ನು ನೋಡುವ ರೀತಿ ನನಗೆ ಸಹಿಸಲಾಗುತ್ತಿರಲಿಲ್ಲ. ಒಂದು ದಿನ ಅಂದೇಬಿಟ್ಟೆ, ನಿನ್ನ ಪಕ್ಕ ನಡೆಯುವಾಗ ಮುಖವಿಲ್ಲದವಳ ಜೊತೆ ನಡೆದಂತಾಗುತ್ತದೆ ಎಂದು. ನೀನು ಬೇಸರಪಡಲಿಲ್ಲ. ಈರುಳ್ಳಿ ಹೆಚ್ಚುತ್ತಲೇ ಹೇಳಿದೆ:

“ನಿಂಗೆ ನನ್ನ ಮುಖ ಗೊತ್ತುಂಟಲ್ವಾ ಮಾರಾಯ್ತಿ. ಮತ್ತೆಂತ?”

ಆ ವರ್ಷದ ಶರತ್ಕಾಲದಲ್ಲೂ ಇದೇ ಚರ್ಚೆ ಟಿವಿಯಲ್ಲಿ ಓಡುತ್ತಿತ್ತು, ನೆನಪಿದೆಯಾ? ಕಾಲೇಜಿನಲ್ಲಿ ಬೇಕೇ, ಕೋರ್ಟಿನಲ್ಲಿ ಬೇಕೇ, ಆಸ್ಪತ್ರೆಯಲ್ಲಿ ಬೇಕೇ. ನಮ್ಮ ಶ್ರವಣ ಚಿಕಿತ್ಸೆಯ ಕೋರ್ಸಿನಲ್ಲಿ ಆಸ್ಪತ್ರೆಯ ತರಬೇತಿಗೆ ಜಾಗ ಹಂಚುವ ಕಾಲವೂ ಅದೇ. ಮಕ್ಕಳ ಕ್ಲಿನಿಕ್ಕಿನಲ್ಲಿ ಇದ್ದದ್ದು ಒಂದೇ ಜಾಗ. ಪರೀಕ್ಷೆಯಲ್ಲಿ ನಿನ್ನ ಅಂಕ ನನಗಿಂತ ಮೇಲೆ. ಆ ಜಾಗ ನಿನ್ನದೇ ಎಂದು ಎಲ್ಲರಿಗೂ ಗೊತ್ತಿತ್ತು. ನಾನೇ ಒಂದು ಸಂಜೆ ಅಡುಗೆಮನೆಯಲ್ಲಿ ನಿನ್ನನ್ನು ಕೇಳಿದೆ: ಕಿವಿ ಕೇಳದ ಮಗು ತುಟಿ ನೋಡಿ ಮಾತು ಕಲಿಯುತ್ತದೆ, ನೀನು ಅಲ್ಲಿ ಏನು ಮಾಡುತ್ತೀಯ ಎಂದು. ನಾನು ಮೂರ್ಖ ಪ್ರಶ್ನೆ ಕೇಳಿದಂತೆ ನೀನು ನನ್ನನ್ನು ನೋಡಿದೆ. ಮಗುವಿನ ಎದುರು ಕೂತಾಗ ತೆಗೆಯುತ್ತೇನೆ, ಎದ್ದಾಗ ಹಾಕುತ್ತೇನೆ, ಮಗುವಿಗೆ ಬಾಯಿ ಕಾಣಬೇಕಲ್ಲ, ಅದರಲ್ಲಿ ಯೋಚಿಸುವುದಕ್ಕೇನಿದೆ ಎಂದೆ. ಅಷ್ಟು ಸಲೀಸಾಗಿ ಹೇಳಿದೆ.

ಅದಾದ ನಾಲ್ಕನೆಯ ದಿನ ಕೋರ್ಸಿನ ಮುಖ್ಯಸ್ಥೆ ನನ್ನನ್ನು ತನ್ನ ಕೋಣೆಗೆ ಕರೆದರು. ಒಳ್ಳೆಯ ಹೆಂಗಸು, ಕೆಟ್ಟ ಉದ್ದೇಶವಿರಲಿಲ್ಲ. ಟೀ ಕೊಟ್ಟು ಬಹಳ ಮೆಲ್ಲಗೆ ಕೇಳಿದರು: ನೀನು ಅವಳ ಜೊತೆಗಿರುವವಳು, ಅವಳ ಊರಿನ ಕಡೆಯವಳು. ಕ್ಲಿನಿಕ್ಕಿನಲ್ಲಿ ಮುಖ ತೋರಿಸಬೇಕಾಗಿ ಬಂದರೆ ಅವಳಿಗೆ ಕಷ್ಟವಾದೀತೇ? ನೇರವಾಗಿ ಕೇಳಿ ಅವಳ ಮನಸ್ಸು ನೋಯಿಸಲು ನನಗಿಷ್ಟವಿಲ್ಲ ಎಂದರು.

ನನಗೆ ಉತ್ತರ ಗೊತ್ತಿತ್ತು. ನಿನ್ನ ಬಾಯಿಂದಲೇ ಕೇಳಿದ್ದೆ. ಅವರ ಎದುರು ಕೂತು ನಾನು ಹೇಳಿದ್ದು ಇಷ್ಟು:

“ಹೇಳೋದು ಕಷ್ಟ. ಅವಳನ್ನ ಆ ಇಕ್ಕಟ್ಟಿಗೆ ಸಿಕ್ಕಿಸದೇ ಇರೋದೇ ಒಳ್ಳೇದು ಅನ್ಸುತ್ತೆ.”

ಇಂಗ್ಲಿಷಿನಲ್ಲಿ ಅದು ಇನ್ನೂ ಸಭ್ಯವಾಗಿ ಕೇಳಿಸಿತು. ಅವರು ನನ್ನ ಕೈ ಹಿಡಿದು ಥ್ಯಾಂಕ್ಸ್ ಹೇಳಿದರು. ಮುಂದಿನ ವಾರ ಪಟ್ಟಿ ಬಂತು. ಮಕ್ಕಳ ಕ್ಲಿನಿಕ್ ನನಗೆ. ಕಿವಿ ಪರೀಕ್ಷೆಯ ಯಂತ್ರಗಳನ್ನು ಅಳತೆಗೆ ಹೊಂದಿಸುವ ಲ್ಯಾಬ್ ನಿನಗೆ. ಅಲ್ಲಿ ಒಬ್ಬ ರೋಗಿಯೂ ಬರುತ್ತಿರಲಿಲ್ಲ.

ನಿನ್ನ ಬಟ್ಟೆಯ ಮೇಲಿನ ಸಿಟ್ಟಿನಿಂದ ಹಾಗೆ ಹೇಳಿದೆ ಎಂದು ಬಹಳ ಕಾಲ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸಿಟ್ಟಿಗೆ ಒಂದು ತತ್ವದ ಮರ್ಯಾದೆಯಾದರೂ ಇರುತ್ತದೆ. ನಿಜವೆಂದರೆ ನನಗೆ ಆ ಜಾಗ ಬೇಕಿತ್ತು. ನಿನ್ನ ನಿಖಾಬ್ ನನ್ನ ಕೈಗೆ ಅನುಕೂಲಕ್ಕೆ ಸಿಕ್ಕಿತು, ಬಳಸಿಕೊಂಡೆ.

ಪಟ್ಟಿ ನೋಡಿ ಬಂದ ಮಧ್ಯಾಹ್ನ ನೀನು ಮೆಟ್ಟಿಲ ಮೇಲೆ ಕೋಟು ಕೂಡ ಬಿಚ್ಚದೆ ಕೂತಿದ್ದೆ. ನಾನು ಬಾಗಿಲು ತೆಗೆದಾಗ ತಲೆ ಎತ್ತಿದೆ. ಅತ್ತಿರಲಿಲ್ಲ.

“ಅವ್ರು ನನ್ನ ಹತ್ರ ಒಂದು ಮಾತು ಕೇಳ್ಲಿಲ್ಲ ಚಂದ್ರಿಕಾ. ಬೇಡ ಅಂತ ಹೇಳ್ಲಿ, ತೊಂದ್ರೆ ಇಲ್ಲ. ಕೇಳ್ಬೋದಿತ್ತಲ್ವಾ?”

ಆಮೇಲೆ, ಆ ಜಾಗ ನನಗೆ ಸಿಕ್ಕಿದ್ದಕ್ಕೆ ಖುಷಿಯಾಯಿತು ಎಂದು ನೀನೇ ಹೇಳಿದೆ, ಸುಳ್ಳಲ್ಲ, ನಿಜವಾಗಿಯೂ ನಿನಗೆ ಖುಷಿಯಾಗಿತ್ತು. ನಾನು ಕ್ಲಿನಿಕ್ಕಿನಿಂದ ಬಂದರೆ ಇವತ್ತು ಯಾವ ಮಗು ಬಂತು, ಮೊದಲ ಸಲ ಶಬ್ದ ಕೇಳಿದಾಗ ಮುಖ ಹೇಗಾಯಿತು ಎಂದು ನೀನು ಒಂದೊಂದನ್ನೂ ಕೇಳಿ ತಿಳಿಯುತ್ತಿದ್ದೆ. ನಾನು ಹೇಳುವುದನ್ನು ಕಡಿಮೆ ಮಾಡುತ್ತಾ ಬಂದೆ. ನೀನು ಊರಿಗೆ ಹೊರಟ ದಿನ ಸ್ಟೇಷನ್ನಿನಲ್ಲಿ ನನ್ನನ್ನು ತಬ್ಬಿಕೊಂಡು, ನನ್ನ ಪರವಾಗಿ ಮಾತಾಡಲು ಇಲ್ಲಿ ನೀನೊಬ್ಬಳಿದ್ದೆ ಎಂದು ಹೇಳಿ ರೈಲು ಹತ್ತಿದೆ. ಆ ಮಾತಾದ ಮೇಲೆ ನಿನ್ನ ಮೆಸೇಜುಗಳಿಗೆ ಉತ್ತರಿಸಲು ನನ್ನ ಕೈ ಓಡಲಿಲ್ಲ. ನನ್ನ ಮದುವೆಗೂ ನಿನ್ನನ್ನು ಕರೆಯಲಿಲ್ಲ. ನೀನು ನನ್ನನ್ನು ಗರ್ವದವಳು ಅಂದುಕೊಂಡಿರಬಹುದು. ಅದಾದರೂ ವಾಸಿ.

ಈ ವರ್ಷದ ಆರಂಭದಲ್ಲಿ ನಮ್ಮ ಕ್ಲಿನಿಕ್ಕಿಗೆ ಅನೀಕಾ ಎಂಬ ಹುಡುಗಿ ತರಬೇತಿಗೆ ಬಂದಳು. ಇಲ್ಲೇ ಹುಟ್ಟಿದವಳು, ಅಜ್ಜನ ಕಾಲದಿಂದ ಬರ್ಮಿಂಗ್‌ಹ್ಯಾಮಿನವರು, ನಿನ್ನಂತೆ ನಿಖಾಬ್. ಮ್ಯಾನೇಜರ್ ನನ್ನನ್ನು ಪಕ್ಕಕ್ಕೆ ಕರೆದು ಅದೇ ಧಾಟಿಯಲ್ಲಿ ಶುರುಮಾಡಿದರು. ಅವಳನ್ನೇ ಕರೆಸಿ ಕೇಳೋಣ ಎಂದೆ. ಕರೆಸಿದೆವು. ನೀನು ಹೇಳಿದ ಉತ್ತರವನ್ನೇ ಅವಳೂ ಹೇಳುತ್ತಾಳೆಂದು ನಾನು ಧೈರ್ಯವಾಗಿದ್ದೆ. ಅವಳು ಹಾಗೆ ಹೇಳಲಿಲ್ಲ. ಮಗು ಮತ್ತು ತಾಯಿ ಇದ್ದರೆ ತೆಗೆಯುತ್ತೇನೆ, ತಂದೆ ಕೋಣೆಯಲ್ಲಿದ್ದರೆ ತೆಗೆಯುವುದಿಲ್ಲ ಎಂದಳು. ನನಗೆ ಮೈ ಉರಿಯಿತು. ಮಗುವಿಗಿಂತ ದೊಡ್ಡದೇ ಇದು ಎಂದು ಕೇಳಿಯೂ ಬಿಟ್ಟೆ. ಅವಳು ದನಿ ಎತ್ತದೆ, ಅದಕ್ಕೇ ಮೊದಲೇ ಹೇಳುತ್ತಿದ್ದೇನೆ, ಆಮೇಲೆ ಮಗುವಿಗೆ ತೊಂದರೆಯಾಗಬಾರದಲ್ಲ ಎಂದಳು. ಕೊನೆಗೆ ಕೆಲಸದ ಪಾಳಿ ಬದಲಾಯಿಸಿದೆವು. ತಂದೆ ಬರುವ ಮಕ್ಕಳನ್ನು ನಾನು ನೋಡುತ್ತೇನೆ, ಉಳಿದವರನ್ನು ಅವಳು. ಎಲ್ಲ ಸುಖವಾಗಿದೆ ಎನ್ನಲಾರೆ. ಇಬ್ಬರು ಗೊಣಗುತ್ತಾರೆ, ನನಗೆ ಕೆಲಸ ಹೆಚ್ಚಾಗಿದೆ, ಆ ಬಟ್ಟೆ ನನಗೆ ಇಂದಿಗೂ ಇಷ್ಟವಿಲ್ಲ. ಆದರೆ ಕಾನೂನು ಮಾಡಿ ಅದನ್ನು ಕಿತ್ತುಹಾಕಿ ಎನ್ನುವವರ ಮಾತು ಕೇಳುವಾಗ ನನಗೆ ಆ ಟೀ ಕಪ್ಪು ಹಿಡಿದು ಕೂತ ನಾನೇ ಕಾಣುತ್ತೇನೆ. ಅವರಲ್ಲಿ ಎಷ್ಟು ಜನಕ್ಕೆ ನಿಜವಾಗಿ ಹೆಣ್ಣಿನ ಚಿಂತೆ, ಎಷ್ಟು ಜನಕ್ಕೆ ಬೇರೇನೋ ಬೇಕು, ನನಗೆ ಗೊತ್ತಿಲ್ಲ. ನನಗೆ ಬೇರೇನೋ ಬೇಕಿತ್ತು.

ನಿನ್ನ ವಿಳಾಸ ಸಿಕ್ಕಿದ್ದು ಮಾಳವಿಕಾ ಎಂಬ ಪುತ್ತೂರಿನ ವಿದ್ಯಾರ್ಥಿನಿಯಿಂದ. ಯುಗಾದಿಗೆ ಇಲ್ಲಿನ ಕನ್ನಡದವರೆಲ್ಲ ಸೇರಿದ್ದಾಗ ಪಕ್ಕದಲ್ಲಿ ಊಟಕ್ಕೆ ಕೂತಳು. ನನ್ನ ಕೆಲಸ ಕೇಳಿ, ತನ್ನ ತಂಗಿಗೆ ಹುಟ್ಟಿನಿಂದ ಕಿವಿ ಕೇಳದು, ಉಳ್ಳಾಲದಲ್ಲಿ ಮಿಸ್ರಿಯಾ ಮೇಡಂ ಮಾತು ಕಲಿಸಿದರು ಎಂದಳು. ನನ್ನ ತುತ್ತು ಕೈಯಲ್ಲೇ ನಿಂತಿತು. ಅವಳ ತಂಗಿ ಮೊದಲು ಹೇಳಿದ ಶಬ್ದ ‘ಅಕ್ಕ’ ಅಂತೆ. ಮೇಡಂ ಆ ದಿನ ಕೋಣೆಯಿಂದ ಓಡಿಬಂದು ತನ್ನನ್ನು ಒಳಗೆ ಎಳೆದುಕೊಂಡು ಹೋಗಿ ಕೇಳಿಸಿದರು ಎಂದು ಹೇಳುವಾಗ ಆ ಹುಡುಗಿಯ ಕಣ್ಣು ತುಂಬಿತ್ತು. ನನಗೆ ಆದ ಸಂತೋಷವನ್ನು ಬರೆಯಲಾರೆ. ನಾನು ನಿನ್ನಿಂದ ಕಿತ್ತುಕೊಂಡದ್ದು ನಿನ್ನನ್ನು ತಡೆಯಲಿಲ್ಲ. ಹಾಗೆಂದು ನಾನು ಕಿತ್ತುಕೊಳ್ಳಲಿಲ್ಲ ಎಂದಾಗುವುದಿಲ್ಲ.

ಮಾಳವಿಕಾ ನಿನ್ನ ಫೋನ್ ನಂಬರೂ ಕೊಟ್ಟಳು. ಮೂರು ಸಲ ತೆಗೆದು ಮೂರು ಸಲ ಇಟ್ಟೆ. ಫೋನಿನಲ್ಲಿ ಹೇಳಿದರೆ ನಾನು ಅರ್ಧಕ್ಕೆ ಬರುವ ಮೊದಲೇ ನೀನು “ಬಿಡು, ಹಳೇ ಕಥೆ” ಎಂದು ನನ್ನನ್ನು ಬಿಟ್ಟುಬಿಡುತ್ತೀಯ. ನಿನ್ನ ಗುಣ ಅದು. ಅಷ್ಟು ಸುಲಭವಾಗಿ ಬಿಡಿಸಿಕೊಳ್ಳಲು ನನಗೆ ಇಷ್ಟವಿಲ್ಲ. ಕಾಗದವಾದರೆ ನೀನು ಪೂರ್ತಿ ಓದಲೇಬೇಕು, ನಡುವೆ ಬಾಯಿ ಹಾಕುವಂತಿಲ್ಲ. ಓದಿ, ಎಷ್ಟು ದಿನ ಬೇಕೋ ಅಷ್ಟು ದಿನ ಕೋಪ ಮಾಡಿಕೋ. ಬರೆಯಬೇಕೆನಿಸಿದರೆ ಬೈದೇ ಬರೆ. ಬರೆಯದಿದ್ದರೂ ಅದು ಉತ್ತರವೇ ಎಂದು ತಿಳಿಯುತ್ತೇನೆ.

ನಿನ್ನ ತಂದೆಗೆ ನನ್ನ ನಮಸ್ಕಾರ. ನಿನ್ನ ಎದುರು ಕೂರುವ ಮಕ್ಕಳಿಗೆಲ್ಲ ಬೇಗ ಮಾತು ಬರಲಿ, ನಿನ್ನ ಕೈಗೆ ಆಯುಸ್ಸು ಹೆಚ್ಚಲಿ.

ನಿನಗೆ ತಪ್ಪು ಮಾಡಿದ, ನಿನ್ನನ್ನು ಮರೆಯದ,
ಚಂದ್ರಿಕಾ
ಹಾರ್ಬೋರ್ನ್, ಬರ್ಮಿಂಗ್‌ಹ್ಯಾಮ್