ಚಂಪವ್ವನ ಹದಿಮೂರನೆಯ ಕಂತು

ಕೆಂಗಣಿವೆ, ಮಂಗಳ ಗ್ರಹ
ವಸತಿ ವರ್ಷ ೨೧೪, ಇಪ್ಪತ್ತೆರಡನೆಯ ತಿಂಗಳು, ಮಂಗಳವಾರ (ಇಲ್ಲಿ ಏಳು ವಾರವೂ ಮಂಗಳವಾರವೇ, ಬೇರೆ ದಾರಿಯಿಲ್ಲ)

ಹುಬ್ಬಳ್ಳಿಯ ನಿರ್ದೇಶಕಿ ಮಂದಾಕಿನಿ ಗುಡಗೇರಿಯವರಿಗೆ,

ಇನ್ನೂ ಹುಟ್ಟದ ಮುದುಕನ ನಮಸ್ಕಾರ. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಮ್ಮ ಕನ್ನಡವೂ ನನ್ನಂತೆ ಅಲ್ಲಲ್ಲಿ ಹಲ್ಲು ಕಳೆದುಕೊಂಡಿದೆ. ಈ ಪತ್ರ ಬಂದದ್ದು ಹಿಂದಂಚೆಯಲ್ಲಿ, ಅಂದರೆ ಕಾಲದಲ್ಲಿ ಹಿಂದಕ್ಕೆ ಮಾತ್ರ ಹೋಗುವ ಅಂಚೆಯಲ್ಲಿ. ಒಬ್ಬರಿಗೆ ಇಡೀ ಬದುಕಿನಲ್ಲಿ ಒಂದೇ ಪತ್ರ. ಉಳಿದವರು ಮುತ್ತಜ್ಜಿಯರ ಕ್ಷೇಮ ಕೇಳುತ್ತಾರೆ, ನಾನು ಒಂದು ಟೀವಿ ಧಾರಾವಾಹಿಯ ಕ್ಷೇಮ ಕೇಳುತ್ತಿದ್ದೇನೆ.

ನಿಮ್ಮ 'ನಕ್ಷತ್ರ ಡಿಪೋ' ಹನ್ನೆರಡನೆಯ ಕಂತಿಗೇ ನಿಂತಿತು. ಧಾರಾವಾಹಿಯ ಧಾರೆ ಕಡಿದದ್ದು ವಾಹಿನಿಯೇ ಎಂಬುದು ಗೊತ್ತು. ಆದರೂ ಹೇಳುತ್ತೇನೆ, ಅಂಥದ್ದು ಮತ್ತೆ ಬರಲಿಲ್ಲ. ಬೇರೆಯವರ ಆಕಾಶನೌಕೆಗಳಲ್ಲಿ ಗಾಜಿನ ಗೋಡೆ, ನೀಲಿ ಬೆಳಕು, ದವಡೆ ಬಿಗಿದ ಕ್ಯಾಪ್ಟನ್. ನಿಮ್ಮ ನೌಕೆಯ ಬಾಗಿಲಿಗೆ ಸೆಣಬಿನ ಹಗ್ಗ, ಅದನ್ನು ನಡೆಸುವವಳು ಕಂಡಕ್ಟರ್ ಚಂಪವ್ವ. ಮೂರು ತಲೆಯ ಶನಿವಾಸಿ ಹತ್ತಿದಾಗ ಆಕೆ ಬೆದರಲಿಲ್ಲ. "ಒಳಗ ಸರೀರಿ, ಹಿಂದ ಜಾಗಾ ಐತಿ. ತಲಿ ಮೂರಾದ್ರೂ ಸೀಟ ಒಂದ!" ಎಂದಳು. ಆ ಒಂದು ಮಾತಿಗೆ ನಾನು ನಿಮ್ಮ ಜೀವಾವಧಿ ಅಭಿಮಾನಿಯಾದೆ.

ಶೀರ್ಷಿಕೆಗೆ 'ತುಕ್ಕು' ಬ್ಯಾಂಡಿನ ಹಾಡು ಹಾಕಿದಿರಲ್ಲ, ಅದು ಇನ್ನೂ ದೊಡ್ಡ ಪುಣ್ಯ. ಅವರ ಮೊದಲ ಆಲ್ಬಂ 'ತಗಡಿನ ಚಂದ್ರ' ನನ್ನ ಪಾಲಿಗೆ ರಾಕ್ ಸಂಗೀತದ ತುತ್ತತುದಿ. ನಾಲ್ಕನೆಯ ಹಾಡಿನಲ್ಲಿ ಗಿಟಾರಿನ ತಂತಿ ಕಡಿಯುತ್ತದೆ, ಹಾಡುವವಳು ನಗುತ್ತಾಳೆ, ಹಾಡು ನಿಲ್ಲುವುದಿಲ್ಲ. ಎರಡನೆಯ ಆಲ್ಬಮಿಗೆ ಇಸ್ತ್ರಿ ಹೊಡೆದುಬಿಟ್ಟರು. ತುಕ್ಕು ಉಜ್ಜಿದರೆ ಉಳಿಯುವುದೇನು, ಬರೀ ತಗಡು. ಆದರೂ ಅದರ ಕೊನೆಯ ಹಾಡಿಗೆ ನನ್ನ ಕಣ್ಣು ಈಗಲೂ ಒದ್ದೆಯಾಗುತ್ತದೆ.

ಇನ್ನು ತಪ್ಪೊಪ್ಪಿಗೆ. ನಮ್ಮಲ್ಲಿ ಪ್ರತಿ ಮನೆಯೂ ಭೂಮಿಯಿಂದ ಬಂದ ಒಂದು ಕೃತಿಯನ್ನು ಸಾಕುತ್ತದೆ. ಅದಕ್ಕೆ ಮನೆಗೃತಿ ಎನ್ನುತ್ತೇವೆ. ಹಬ್ಬಕ್ಕೆ ಊರಿಗೆ ತೋರಿಸಬೇಕು, ಯಂತ್ರ ಕೆಟ್ಟರೆ ಬಾಯಿಪಾಠ ಒಪ್ಪಿಸಬೇಕು. ನೆರೆಮನೆಯ ದ್ಯಾಮಕ್ಕ 'ತಗಡಿನ ಚಂದ್ರ' ಸಾಕುತ್ತಾಳೆ, ನಮ್ಮದು 'ನಕ್ಷತ್ರ ಡಿಪೋ'. ಕೃತಿಯ ಪಾಲನೆ ಹೊಸಬರ ಕೈಗೆ ಬಂದಾಗ ಅವರು ಊರ ಮುಂದೆ ನಿಂತು "ಇದೆಲ್ಲ ಅಸಲಿ" ಎಂದು ಪ್ರಮಾಣ ಮಾಡಬೇಕು. ಸುಳ್ಳಾದರೆ ಕೃತಿಯನ್ನು ಅಳಿಸಿ ಜಾಗ ಬೇರೆಯವರಿಗೆ ಕೊಡುತ್ತಾರೆ.

ನಾನು ಹುಟ್ಟಾ ಕಿಡಿಗೇಡಿ. ಹನ್ನೆರಡನೆಯ ಕಂತಿನ ಕೊನೆಯಲ್ಲಿ ಚಂಪವ್ವ, ಕೆಂಪು ಗ್ರಹದಲ್ಲಿ ಉಳಿದುಹೋದ ಪ್ರಯಾಣಿಕನಿಗಾಗಿ ಬಾಗಿಲಿನಿಂದ ಜಿಗಿಯುತ್ತಾಳೆ, ಅಷ್ಟೇ. ನಲವತ್ತು ವರ್ಷದ ಹಿಂದೆ ನಾನು ನನ್ನ ಹೆಂಡತಿ ಶಿವಲೀಲಾಳಿಗೆ ಖಾಕಿ ಕೋಟು ತೊಡಿಸಿ, ಮುಖ ಕಾಣದಂತೆ ನಿಲ್ಲಿಸಿ, ಮನೆಯ ಹಿಂದಿನ ಕಣಿವೆಯಲ್ಲೇ ಹದಿಮೂರನೆಯ ಕಂತು ತೆಗೆದೆ. ಹಬ್ಬದಲ್ಲಿ ಅಸಲಿಯೆಂದೇ ತೋರಿಸಿ, ಮರುದಿನ ನಿಜ ಹೇಳಿ ನಗಿಸುವ ಯೋಚನೆ. ಜನ ಅತ್ತುಬಿಟ್ಟರು. ಹೇಳುವ ಬಾಯಿ ಕಟ್ಟಿತು. ಮುಂದೆ ಶಿವಲೀಲಾ ತೀರಿಹೋದಳು, ಆಕೆಯ ನಡಿಗೆ ಉಳಿದದ್ದು ಆ ಕಂತಿನಲ್ಲೇ. ಆಮೇಲಂತೂ ಹೇಳಲೇ ಆಗಲಿಲ್ಲ.

ಈ ವರ್ಷ ಮೊಮ್ಮಗಳು ನೀಲಗಂಗಾ ಪ್ರಮಾಣಕ್ಕೆ ನಿಲ್ಲಬೇಕಿತ್ತು. ಹಿಂದಿನ ದಿನ ಅವಳನ್ನು ಕೂರಿಸಿ ಎಲ್ಲವನ್ನೂ ಹೇಳಿದೆ. ಅವಳು ಪಕಪಕ ನಕ್ಕಳು.

"ಅಜ್ಜಾ, ನನಗ ಹತ್ತ ವರ್ಷ ಇದ್ದಾಗ್ಲೇ ಗೊತ್ತಾಗಿತ್ತು. ಹನ್ನೆರಡು ಕಂತಿನಾಗ ಚಂಪವ್ವ ಯಾವ ಗ್ರಹದಾಗ ಜಿಗದ್ರೂ ಧಪ್ ಅಂತ ಬೀಳ್ತಾಳ. ಹದಿಮೂರರಾಗ ನಮ್ಮಂಗ ತೇಲಿಕೋತ ಇಳೀತಾಳ!"

ನಿಮ್ಮ ಭೂಮಿಗಿಂತ ಸೆಳೆತ ಕಡಿಮೆಯಿರುವ ಮಂಗಳದಲ್ಲೇ ಹುಟ್ಟಿದ ನಮಗೆಲ್ಲ ಹಾಗೆ ತೇಲಿ ಇಳಿಯುವುದೇ ಸಹಜ. ಇಡೀ ಊರಿನ ಕಣ್ಣಿಗೆ ಬೀಳದ್ದು ಒಂದು ಮಗುವಿನ ಕಣ್ಣಿಗೆ ಬಿದ್ದಿತ್ತು.

"ಮತ್ತ ಯಾಕ ಸುಮ್ಮನಿದ್ದಿ?"

"ಅಜ್ಜೀನ ನೋಡೂದಿತ್ತು."

ಮರುದಿನ ಊರ ಮುಂದೆ ಅವಳು ಹನ್ನೆರಡಕ್ಕೆ ಮಾತ್ರ ಪ್ರಮಾಣ ಮಾಡಿದಳು. ಹದಿಮೂರನೆಯದು ಯಾರದೆಂದು ನಾನೇ ಎದ್ದು ಹೇಳಿದೆ. ಅಳಿಸಬೇಕೆಂದು ಒಂದಿಬ್ಬರು ಕೂಗಿದರು. ಆಗ ದ್ಯಾಮಕ್ಕ ಸೊಂಟಕ್ಕೆ ಕೈಯಿಟ್ಟಳು. "ಸುಳ್ಳ ಹೇಳಿದಾಂವ ಮುದುಕ, ಖರೇ ಹೇಳಿದಾಕಿ ಹುಡುಗಿ. ಅದನ್ನ ಹುಡುಗಿ ಸಾಕ್ಲಿ. ಫಕೀರಪ್ಪಾ, ನೀ ಇನ್ನ ಆ ಯಂತ್ರಾ ಮುಟ್ಟಿದ್ರ ಕೈ ಮುರೀತೀನಿ!"

ಹಾಗಾಗಿ ಈಗ ನಾನು ಕೊನೆಯ ಸಾಲಿನ ಪ್ರೇಕ್ಷಕ. ಹದಿಮೂರನೆಯದು ಮನೆಯೊಳಗೇ ಉಳಿಯಿತು, ಊರಿಗೆ ತೋರಿಸುವುದು ಹನ್ನೆರಡೇ. ಚಂಪವ್ವ ಜಿಗಿದ ಮೇಲೆ ಪರದೆ ಕಪ್ಪಾಗುತ್ತದೆ. ಮಕ್ಕಳು "ಮುಂದ?" ಎನ್ನುತ್ತಾರೆ. ನೀಲಗಂಗಾ "ಗೊತ್ತಿಲ್ಲ" ಎನ್ನುತ್ತಾಳೆ.

ತಾಯಿ, ಆ ಕಂತು ತೆಗೆಯಿರಿ. ದುಡ್ಡಿಲ್ಲದಿದ್ದರೆ ಮೊಬೈಲಿನಲ್ಲಿ ತೆಗೆಯಿರಿ, ಮೈದಾನಕ್ಕೆ ಕೆಂಪು ಹುಡಿ ಎರಚಿ, ತುಕ್ಕಿನವರನ್ನು ಕರೆದು ಬಾರಿಸಲು ಹೇಳಿ. ತೆಗೆದು ಉಳಿದ ಹನ್ನೆರಡರ ಜೊತೆಗೇ ಇಡಿ, ಅದು ಹೇಗೋ ನಮ್ಮನ್ನು ಮುಟ್ಟುತ್ತದೆ. ಈ ಕಾಲಚಕ್ರದ ಗಣಿತ ಮಾತ್ರ ನನ್ನನ್ನು ಕೇಳಬೇಡಿ. ನಲವತ್ತು ವರ್ಷ ಊರಿಗೆಲ್ಲ ಕೊನೆ ತೋರಿಸಿದವನು ನಾನು. ಆ ಊರಿನಲ್ಲಿ ಕೊನೆ ನೋಡುವ ಸುಖ ಸಿಗದೇ ಉಳಿದವನೂ ನಾನೊಬ್ಬನೇ. ಸಾಯುವುದರೊಳಗೆ ಒಮ್ಮೆ, ಮುಂದೇನೆಂದು ತಿಳಿಯದೆ, ಬಾಯಿ ಬಿಟ್ಟುಕೊಂಡು ಕೂರಬೇಕು.

ನಿಮ್ಮ ದಾರಿ ಕಾಯುವ,
ಫಕೀರಪ್ಪ ಕೆಂಗಣಿವೆ