ಅಚ್ಚುಮೊಳೆ ಮೊಕದ್ದಮೆ

13 ಫೆಬ್ರವರಿ 2006, ಸೋಮವಾರ. ಮಧ್ಯಾಹ್ನ

ಕರೆಂಟಿಲ್ಲ. ಅದಕ್ಕೇ ಬರೆಯಲು ಕೂತೆ.

ಬೆಳಿಗ್ಗೆಯಿಂದ ಕಡಬದ ನಾಟಕದವರ ಗಲಾಟೆ. ಹ್ಯಾಂಡ್‌ಬಿಲ್ಲಿನಲ್ಲಿ ದುರ್ಯೋಧನನ ಹೆಸರು ಕೃಷ್ಣನಿಗಿಂತ ಮೇಲೆ ಬರಬೇಕಂತೆ. "ಸೀನರಿ ದುಡ್ಡು ಅರ್ಧ ನಾನೇ ಕೊಟ್ಟಿವ್ನಿ ಕಣಮ್ಮ" ಅಂದ ದುರ್ಯೋಧನ. ಹಾಗಾದರೆ ಸೀನರಿಯ ಮೇಲೇ ಬರೆಸಿಕೋ ಹೋಗು ಅಂದೆ. ಕೃಷ್ಣ ನಕ್ಕ. ಅವನಿಗೂ ಬೈದೆ.

ಪ್ರೂಫ್ ತೆಗೆಯುವ ಹೊತ್ತಿಗೆ ಪೋಸ್ಟ್‌ಮ್ಯಾನ್. ರಿಜಿಸ್ಟರ್ಡ್. ದಪ್ಪ ಕಾಗದ, ಎಲ್ಲಾ ಇಂಗ್ಲಿಷು. ಯಶಸ್ವಿನಿಗೆ ಕೊಟ್ಟೆ. ನನ್ನ ಅಂಗಡಿಯ ಕಂಪ್ಯೂಟರ್ ಕೆಲಸ ಎಲ್ಲಾ ಅವಳದೇ, ಡಿಪ್ಲೊಮಾ ಮಾಡಿದವಳು. ಓದುತ್ತಾ ಓದುತ್ತಾ ಅವಳ ಮುಖ ಇಳಿಯಿತು.

"ಅಮ್ಮ, ನಮ್ ಅಚ್ಚುಮೊಳೆ ಸಾಫ್ಟ್‌ವೇರು ಬೆಂಗಳೂರಿನ ಯಾವ್ದೋ ದೊಡ್ಡ ಕಂಪ್ನಿದಂತೆ. ನಾವು ಕದ್ದು ಉಪಯೋಗಿಸ್ತಿದೀವಂತೆ. ನಿಲ್ಲಿಸ್ಬೇಕು, ಇಲ್ಲಾಂದ್ರೆ ಅವರ ಹೊಸದನ್ನ ಕೊಂಡ್ಕೋಬೇಕು. ಎರಡೂ ಇಲ್ಲ ಅಂದ್ರೆ ಕೋರ್ಟು."

ಕದ್ದು! ಶೆಟ್ಟಿಹಳ್ಳಿಯಿಂದ ಬಂದು ದಿನಾ ಬೆಳಿಗ್ಗೆ ತುಮಕೂರಿನ ಈ ಪ್ರೆಸ್ಸಿನ ಬಾಗಿಲು ತೆಗೆಯುವವಳು ನಾನು. ನನಗೆ ಕಳ್ಳಿ ಅಂತ ರಿಜಿಸ್ಟರ್ಡ್ ಪೋಸ್ಟು!

14 ಫೆಬ್ರವರಿ

ವಕೀಲರ ಮುಂದೆ ಬಾಯಿ ತಡವರಿಸಬಾರದು. ಮೊದಲಿಂದ ಬರೆದುಕೊಳ್ಳುತ್ತೇನೆ.

ನಾನು ಗಿರಿಯಮ್ಮ. ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಸೀಸದ ಮೊಳೆ ಜೋಡಿಸುತ್ತಾ ಓದಿದ್ದೇ ನನ್ನ ಓದು. ಮೊಳೆ ಹೋಗಿ ಕಂಪ್ಯೂಟರ್ ಬಂತು. ಕನ್ನಡ ಸಾಫ್ಟ್‌ವೇರ್‌ಗೆ ಅವರು ಕೇಳಿದ ಬೆಲೆಗೆ ಅಂಗಡಿ ಮುಚ್ಚುವುದೇ ವಾಸಿ ಅನ್ನಿಸಿತ್ತು. ಆಗ 2001ರಲ್ಲಿ ಪಾಲಿಟೆಕ್ನಿಕ್ ಮೇಷ್ಟ್ರು ರವೀಶ್ ಬಂದ. ಸ್ಟೂಲಿನ ಮೇಲೆ ಕೂತು ನಮ್ಮ ಕೆಲಸ ನೋಡಿದ. ವರ್ಷ ಕಳೆಯುವಷ್ಟರಲ್ಲಿ 'ಅಚ್ಚುಮೊಳೆ' ಬರೆದು ಇಂಟರ್ನೆಟ್ಟಿಗೆ ಹಾಕಿದ. ಓಪನ್ ಸೋರ್ಸ್ ಅಂದ. ಬಿಟ್ಟಿಯಾ ಅಂದೆ. "ಬಿಟ್ಟಿ ಅಲ್ಲಮ್ಮ, ಬಿಚ್ಚಿಟ್ಟಿದ್ದು" ಅಂದ.

ಅವನ ಷರತ್ತು ಇಷ್ಟು. ಯಾರಾದರೂ ಬಳಸಿ, ಒಳಗೆ ನೋಡಿ, ತಿದ್ದಿ, ಹಂಚಿ. ಆದರೆ ತಿದ್ದಿದ್ದನ್ನು ಹಂಚುವಾಗ ಇದೇ ಷರತ್ತು. ಒಳಗಿನದನ್ನು ಮುಚ್ಚಿಡುವ ಹಾಗಿಲ್ಲ.

ನಾವು ತಿದ್ದಿದೆವು, ಅದೇ ಷರತ್ತಿನಲ್ಲಿ ಇಂಟರ್ನೆಟ್ಟಿಗೂ ಹಾಕಿದೆವು. ನಾಟಕದ ಹ್ಯಾಂಡ್‌ಬಿಲ್ಲಿನ ಅಂಚುಗಳು ಯಶಸ್ವಿನಿ ಬರೆದದ್ದು. ಕುಣಿಗಲ್‌ನ ಪ್ರೆಸ್ಸಿನ ಅಕ್ರಂ ಪಾಷಾನಿಗೆ ಒಂದೇ ಮದುವೆ ಕಾರ್ಡಿನಲ್ಲಿ ಕನ್ನಡ ಒಂದು ಕಡೆ, ಉರ್ದು ಒಂದು ಕಡೆ ಬೇಕಿತ್ತು. ಅವನು ಪಕ್ಕದಲ್ಲಿ ಕೂತು ಹೇಳಿದ, ಇವಳು ಬರೆದಳು. ಇಂಗ್ಲಿಷ್ ತಾರೀಖು ಕೊಟ್ಟರೆ ಮುಸಲ್ಮಾನರ ತಾರೀಖು ತಾನೇ ಬರುತ್ತದೆ.

ಆಮೇಲೆ ರವೀಶ್ ಕೆಲಸ ಬಿಟ್ಟು ಸಣ್ಣ ಕಂಪನಿ ಮಾಡಿದ. ಹೋದ ವರ್ಷ ಅದನ್ನು ದೊಡ್ಡ ಕಂಪನಿ ಕೊಂಡಿತು. ಇವನೂ ಜೊತೆಗೆ ಹೋದ, ಮನೆ ಮಾರಿದರೆ ಬಾವಿಯೂ ಹೋಗುವ ಹಾಗೆ. ಫೋನ್ ಮಾಡಿದೆ. ಎತ್ತಲಿಲ್ಲ.

19 ಫೆಬ್ರವರಿ, ಭಾನುವಾರ

ನನ್ನ ಅಂಗಡಿಯಲ್ಲಿ ಮೀಟಿಂಗು. ಕುಣಿಗಲ್‌ನಿಂದ ಅಕ್ರಂ ಪಾಷಾ, ಗುಬ್ಬಿಯಿಂದ ಮೂಡಲಗಿರಿಯಪ್ಪ. ಇಬ್ಬರ ಪ್ರೆಸ್ಸಿನಲ್ಲೂ ಅಚ್ಚುಮೊಳೆಯೇ, ಇಬ್ಬರಿಗೂ ಅದೇ ನೋಟಿಸ್.

ಮೂಡಲಗಿರಿಯಪ್ಪ ಕಾಫಿಯನ್ನೂ ಕುಡಿಯಲಿಲ್ಲ. "ನಮ್ಗ್ಯಾಕಕ್ಕ ಕೋರ್ಟು ಕಛೇರಿ? ಕೈ ಮುಗ್ದು ಕೊಂಡ್ಕೊಂಡ್ ಬುಡಾನ."

"ಹಂಗಾದ್ರೆ ಇಲ್ಲೀಗಂಟ ಕದ್ದಿದ್ದೆ ಅಂತ ಒಪ್ಕೊಂಡಂಗೆ ಕಣೋ."

"ಒಪ್ಕೊಂಡ್ರೆ ಏನ್ ಗಂಟು ಹೋಯ್ತದೆ?"

"ಮರ್ಯಾದೆ ಹೋಯ್ತದೆ. ನಿನ್ನತ್ರ ಇದ್ರೆ."

ಅಕ್ರಂ ಪಾಷಾ ನಕ್ಕು ಬನ್ ಮುರಿದ. "ಗಿರಿಯಕ್ಕ, ಸೀಸದ ಕಾಲದಾಗೆ ನನ್ನತ್ರ ದೊಡ್ಡ ಅಕ್ಷರ ಕಮ್ಮಿ ಬಿದ್ರೆ ನಿನ್ನ ಅಂಗಡಿಯಿಂದ ತಗೊಂಡ್ ಹೋಗ್ತಿದ್ದೆ. ಪೇಪರ್ ಹಾಕ್ದೋರ್ ಯಾರು, ಸೈನ್ ಮಾಡ್ದೋರ್ ಯಾರು? ಈಗ ಇವ್ರು ಬಂದು ಆ ಸೀಸಾನೂ ನಮ್ದೇ ಅಂತಾರೆ. ನಾನು ಬರ್ತೀನಿ ಕೋರ್ಟಿಗೆ. ಶೆರ್ವಾನಿ ಹಾಕ್ಕೊಂಡ್ ಬರ್ತೀನಿ."

ಮೂಡಲಗಿರಿಯಪ್ಪ ಬಸ್ಸು ತಪ್ಪುತ್ತದೆ ಅಂತ ಎದ್ದ. ಗುಬ್ಬಿಗೆ ಬಸ್ಸಿಗೇನು ಬರ?

2 ಮಾರ್ಚ್

ಸೈನ್ ಮಾಡಿದ್ದಾನೆ. ಮೂಡಲಗಿರಿಯಪ್ಪ. ಕಂಪನಿಯ ಏಜೆಂಟು ಗುಬ್ಬಿಗೆ ಹೋಗಿ ಕಾಗದ ಇಟ್ಟನಂತೆ, ಇವನು ಕನ್ನಡಕವನ್ನೂ ಹಾಕದೆ ಗೀಚಿದನಂತೆ. ಹಳೆಯದನ್ನೆಲ್ಲಾ ಅಳಿಸಿ ಹೊಸದನ್ನು ಹಾಕಿಸಿಕೊಂಡ.

ಏಜೆಂಟು ಇಲ್ಲಿಗೂ ಬಂದ. ಟೈ ಕಟ್ಟಿದ್ದ ಪಾಪ, ಈ ಬಿಸಿಲಲ್ಲಿ. ಅಂಗಡಿಯ ಬಾಗಿಲಿಗೆ ನೀರು ಹಾಕುತ್ತಿದ್ದೆ. ಅವನ ಬೂಟಿನ ಮೇಲೂ ಬಿತ್ತು. ನಾನೇ ಹಾಕಿದೆ ಅಂತ ಯಶಸ್ವಿನಿ ಹೇಳುತ್ತಾಳೆ. ಹೇಳಿಕೊಳ್ಳಲಿ.

11 ಮಾರ್ಚ್, ಶನಿವಾರ. ಸಂಜೆ

ರವೀಶ್ ಬಂದಿದ್ದ. ಬಾಗಿಲಲ್ಲೇ ನಿಂತ. ಒಳಗೆ ಬಾ ಅನ್ನಲಿಲ್ಲ.

"ನಮ್ಮನ್ನೆಲ್ಲಾ ಸೇರ್ಸಿ ಮಾರ್ಬುಟ್ಟೇನ್ಲಾ?"

"ಅಮ್ಮ, ನಾನು ಮಾರಿದ್ದು ನಾನು ಬರೆದಿದ್ದನ್ನ ಮಾತ್ರ. ನೀವು ಬರೆದಿದ್ದು ನಂದಲ್ಲ, ಅದನ್ನ ಹೆಂಗ್ ಮಾರ್ಲಿ? ಇನ್ನ, ಆವತ್ತು ಎಲ್ಲರಿಗೂ ಅಂತ ಕೊಟ್ಟಿದ್ದನ್ನ ಯಾರೂ ವಾಪಸ್ ಕಿತ್ಕೊಳಕ್ಕಾಗಲ್ಲ. ನಾನೂ ಅಷ್ಟೇ, ನನ್ನ ಕೊಂಡವ್ರೂ ಅಷ್ಟೇ."

"ಹಂಗಂತ ನಿನ್ನ ಧಣಿಗಳಿಗೆ ಹೇಳು."

"ಹೇಳ್ದೆ. ಕೇಳಲ್ಲ. ಹೊಸದೆಲ್ಲಾ ಮೊದಲಿಂದ ತಾವೇ ಬರ್ಸಿದ್ದು ಅಂತಾರೆ. ಒಳಗೆ ನೋಡಕ್ಕೆ ನನ್ನನ್ನೂ ಬಿಡಲ್ಲ."

ಕಣ್ಣು ತುಂಬಿದ್ದವು. ತುಂಬಿಕೊಳ್ಳಲಿ ಅಂತ ಬಿಟ್ಟೆ. ಆಮೇಲೆ ಕಾಫಿ ತರಿಸಿದೆ. ಸಕ್ಕರೆ ಹಾಕಿಸಲಿಲ್ಲ.

6 ಏಪ್ರಿಲ್

ಬರೆಯಲು ಪುರುಸೊತ್ತಿಲ್ಲ. ಮದುವೆಗಳು. ಮೆಷಿನ್ ತಣ್ಣಗಾಗುತ್ತಿಲ್ಲ.

ಕೇಸು ಹಾಕಿದ್ದಾರೆ, ನಮ್ಮೂರ ಕೋರ್ಟಿನಲ್ಲೇ, ನನ್ನ ಮೇಲೂ ಅಕ್ರಂ ಪಾಷಾನ ಮೇಲೂ. ತಡೆಯಾಜ್ಞೆ ಕೇಳಿದ್ದಾರೆ. ಕೊಟ್ಟುಬಿಟ್ಟರೆ ಮೇ ತಿಂಗಳು ಪೂರಾ ಕಂಪ್ಯೂಟರ್ ಮುಟ್ಟುವಂತಿಲ್ಲ. ಮೇ ತಿಂಗಳಲ್ಲಿ ಪ್ರೆಸ್ ಮುಚ್ಚಿದರೆ ಜೂನ್‌ನಲ್ಲಿ ತೆಗೆಯುವುದು ಯಾರಿಗೆ?

ವಕೀಲ ರುದ್ರಯ್ಯನವರು ಜಮೀನು ಕೇಸುಗಳವರು. ಓಪನ್ ಸೋರ್ಸ್ ಅಂದರೆ ಗೋಮಾಳ ಇದ್ದ ಹಾಗೋ ಅಂತ ಕೇಳಿದರು. ಯಶಸ್ವಿನಿ ಹೌದು ಅಂದಳು, ಆಮೇಲೆ ಅಲ್ಲ ಅಂದಳು. ಕೊನೆಗೆ ಅವರೇ ಹೇಳಿದರು, "ನಿಮ್ಮ ಷರತ್ತು ಗಟ್ಟಿಯಾಗಿದೆ. ಆದ್ರೆ ಅವರು ಮಾರ್ತಿರೋದು ಬೇರೆ, ನಿಮ್ದು ಬೇರೆ ಅಂತ ವಾದ ಮಾಡ್ತಾರೆ. ಅವರದ್ದರಲ್ಲಿ ನಿಮ್ಮ ಕೈಬರಹ ತೋರ್ಸಿ. ಆಗ ಕಳ್ಳರು ಯಾರು ಅಂತ ನಾನ್ ಕೇಳ್ತೀನಿ."

ಹೇಗೆ ತೋರಿಸುವುದು? ಅವರದ್ದು ಬೀಗ ಹಾಕಿದ ಪೆಟ್ಟಿಗೆ. ಅಂಚುಗಳನ್ನು ಹೆಸರು ಬದಲಿಸಿ, ಗೆರೆ ಬದಲಿಸಿ ಹಾಕಿದ್ದಾರಂತೆ. ಯಾರ ಅಂಚು ಅಂತ ಆಣೆ ಮಾಡುವುದು?

17 ಏಪ್ರಿಲ್, ಸೋಮವಾರ

ಇವತ್ತಿನದನ್ನು ನಿಧಾನವಾಗಿ ಬರೆಯಬೇಕು.

ಮೂಡಲಗಿರಿಯಪ್ಪ ಬಂದ. ಮುಖ ಸುಟ್ಟ ಬದನೆಕಾಯಿ. ಗುಬ್ಬಿಯ ಮಸ್ತಾನ್ ಬೀ ಮಗಳ ನಿಕಾಹ್ ಕಾರ್ಡು ಕೈಯಲ್ಲಿ. ದುಡ್ಡು ಕೊಟ್ಟು ಕೊಂಡ ಹೊಸ ಸಾಫ್ಟ್‌ವೇರಿನಲ್ಲಿ ಮಾಡಿದ್ದು. ಪೂರಾ ಕಟ್ಟು ವಾಪಸ್ ತಂದು ಎಸೆದರಂತೆ.

"ಉರ್ದು ಕಡೇಲಿ ತಾರೀಕು ಒಂದಿನ ಹಿಂದೆ ಬಿದ್ದೈತಂತೆ ಕಣಕ್ಕ. ಆಯಮ್ಮ ನನ್ನ ಅಂಗ್ಡಿ ಮುಂದೆ ನಿಂತ್ಕೊಂಡು ಏನ್ ಬೈದ್ಲು ಅಂತೀಯ! ಅಕ್ರಮಣ್ಣ ಇದ್ರೆ ಸರಿ ಮಾಡ್ಕೊಟ್ಟಾನು ಅಂತ…"

ಕೇಸಿನ ಕಾಗದಕ್ಕೆ ಸೈನ್ ಹಾಕಲು ಅಕ್ರಂ ಪಾಷಾ ಇಲ್ಲೇ ಇದ್ದ. ಕಾರ್ಡು ತೆಗೆದುಕೊಂಡ. ನೋಡಿದ. ಬೆರಳು ಮಡಚಿ ಎಣಿಸಿದ. ನಗಲು ಶುರು ಮಾಡಿದವನು ನಿಲ್ಲಿಸಲೇ ಇಲ್ಲ. ಬೆಂಚಿನಿಂದ ಬೀಳುತ್ತಾನೆ ಅಂತ ನಾನೇ ಹಿಡಿದೆ.

"ಏನ್ಲಾ, ಹುಚ್ಚು ಹಿಡೀತಾ?"

"ಗಿರಿಯಕ್ಕ, ಇದು ನನ್ನ ತಪ್ಪು! ನನ್ನ ಸ್ವಂತ ತಪ್ಪು!"

ವಿಷಯ ಇದು. ಉರ್ದು ಭಾಗ ಬರೆಸಿದ ವರ್ಷ ಕುಣಿಗಲ್‌ನಲ್ಲಿ ಮೋಡ. ಕೆರೆಯ ಮೇಲೆ ಆಕಾಶವೇ ಕಾಣಲಿಲ್ಲ. ಚಂದ್ರ ಕಂಡದ್ದು ಮಾರನೆಯ ಸಂಜೆ. ಇವನು ಕ್ಯಾಲೆಂಡರ್ ನೋಡಲಿಲ್ಲ, ಬೆಂಗಳೂರಿನ ಮಸೀದಿಯವರನ್ನು ಕೇಳಲಿಲ್ಲ. ತನ್ನ ಕಣ್ಣಿಗೆ ಕಂಡ ದಿನದಿಂದಲೇ ಎಣಿಕೆ ಶುರು ಮಾಡಿ ಯಶಸ್ವಿನಿಗೆ ಹೇಳಿದ. ಅಂದಿನಿಂದ ಅಚ್ಚುಮೊಳೆಯಲ್ಲಿ ಎಲ್ಲಾ ತಾರೀಖೂ ಒಂದು ದಿನ ಹಿಂದೆ. ನಮ್ಮವರಿಗೆಲ್ಲಾ ಗೊತ್ತು. ಕೈಯಲ್ಲಿ ಒಂದು ಸೇರಿಸಿಕೊಳ್ಳುತ್ತೇವೆ. ದುಡ್ಡು ಕೊಟ್ಟು ಕೊಂಡದ್ದು ಸರಿಯಾಗಿರುತ್ತದೆ ಅಂತ ಮೂಡಲಗಿರಿಯಪ್ಪ ಸೇರಿಸಿರಲಿಲ್ಲ. ತಿದ್ದೋಣ ಅಂತ ಯಶಸ್ವಿನಿ ಎಷ್ಟು ಸಲ ಹೇಳಿದಳೋ, "ಚಂದ್ರ ಕಂಡಿದ್ದು ಆವತ್ತೇ ಕಣಮ್ಮ, ಸುಳ್ಳು ಹೇಳಾಕಾಯ್ತದಾ" ಅಂತ ಹಟ ಹಿಡಿದಿದ್ದ.

ಮೊದಲಿಂದ ತಾವೇ ಬರೆಸಿದ ಕಂಪನಿಯ ಸಾಫ್ಟ್‌ವೇರಿಗೆ ಕುಣಿಗಲ್ ಕೆರೆಯ ಮೋಡ ಎಲ್ಲಿಂದ ಬಂತು?

ಯಶಸ್ವಿನಿ ಗುಬ್ಬಿಯ ಅಂಗಡಿಗೆ ಫೋನ್ ಮಾಡಿ ಕಳೆದ ನಾಲ್ಕು ವರ್ಷದ ತಾರೀಖೆಲ್ಲಾ ಹೊಸದರಲ್ಲಿ ತೆಗೆಸಿ, ನಮ್ಮದರ ಜೊತೆ ಇಟ್ಟು ನೋಡಿದಳು. ಎಲ್ಲಾ ಕಡೆ ಅದೇ ತಪ್ಪು. ರುದ್ರಯ್ಯನವರಿಗೆ ಫೋನ್ ಮಾಡಿದೆ. "ಗುಬ್ಬಿಯವನನ್ನ ಬಿಡ್ಬೇಡಿ, ಹಿಡ್ಕೊಳಿ, ಅಫಿಡವಿಟ್ ಬೇಕು" ಅಂದರು. ಹಿಡಿದುಕೊಂಡೆ, ಅಂಗಿಯ ಕಾಲರನ್ನೇ.

"ಅಕ್ಕ, ನಾನು ಸೈನ್ ಹಾಕ್ದೋನು, ನನ್ನ ಮಾತು ನಡೀತದಾ?"

"ನಿನ್ನ ಮಾತು ಯಾರಿಗ್ ಬೇಕು? ನಿನ್ನ ಕಾರ್ಡ್ ಬೇಕು. ಕನ್ನಡಕ ಹಾಕ್ಕೊಂಡ್ ಸೈನ್ ಹಾಕು ಈ ಸಲ."

24 ಏಪ್ರಿಲ್, ಸೋಮವಾರ

ಕೋರ್ಟು. ಅಕ್ರಂ ಪಾಷಾ ಹೇಳಿದ ಹಾಗೇ ಶೆರ್ವಾನಿಯಲ್ಲಿ ಬಂದ. ಬೆವರಿನಲ್ಲಿ ಮುಳುಗಿ ಹೋಗಿದ್ದ.

ಕಂಪನಿಯ ವಕೀಲ ಬೆಂಗಳೂರಿನವನು. ಈ ಸಣ್ಣ ಪ್ರೆಸ್ಸುಗಳವರು ನಮ್ಮ ಶ್ರಮವನ್ನು ಪುಕ್ಕಟೆ ಅನುಭವಿಸುತ್ತಿದ್ದಾರೆ ಅಂದ. ನಾನು ಎದ್ದೆ. "ಶ್ರಮಾನಾ? ಸ್ವಾಮಿ, ಇವ್ನ ಕೈ ನೋಡಿ ಒಂದ್ಸಲ…" ಅಂದೆ. ಕೂತುಕೊಳ್ಳಿ ಅಮ್ಮ ಅಂದರು ಜಡ್ಜು. ಕೂತೆ. ರುದ್ರಯ್ಯನವರು ನನ್ನ ಸೆರಗು ಹಿಡಿದೇ ವಾದ ಮಾಡಿದರು.

ಎರಡೂ ತಾರೀಖಿನ ಹಾಳೆಗಳನ್ನು ಇಟ್ಟರು. ಜಡ್ಜು ಬಹಳ ಹೊತ್ತು ನೋಡಿದರು. ಈ ತಪ್ಪು ನಿಮ್ಮದರಲ್ಲಿ ಹೇಗೆ ಬಂತು ಅಂತ ಕೇಳಿದರು. ವಕೀಲ ತಿರುಗಿ ನೋಡಿದ. ಹಿಂದೆ ಕಂಪನಿಯ ಕಡೆಯ ಎಂಜಿನಿಯರ್ ಅಂತ ಕೂರಿಸಿಕೊಂಡಿದ್ದು ರವೀಶನನ್ನು.

ರವೀಶ್ ಎದ್ದು ನಿಂತ. ಅವನ ನೌಕರಿ ಈಗ ಆಡುವ ಮಾತಿನ ಮೇಲಿತ್ತು. ನನಗೆ ನೋಡಲಾಗಲಿಲ್ಲ, ಫ್ಯಾನು ನೋಡಿದೆ.

"ಅದು ಕುಣಿಗಲ್‌ನವರು ಹೇಳಿ, ಇಲ್ಲಿ ತುಮಕೂರಲ್ಲಿ ಬರೆದ ಭಾಗ, ಸ್ವಾಮಿ. ನಂದಲ್ಲ. ನಾನು ಮಾರಿಲ್ಲ. ಮಾರೋ ಹಕ್ಕೂ ನಂಗಿರಲಿಲ್ಲ."

ಅಕ್ರಂ ಪಾಷಾ ಮೆಲ್ಲಗೆ "ಶಾಬಾಷ್" ಅಂದ. ಅವನಿಗೂ ಕೂತುಕೊಳ್ಳಿ ಅಂದರು. ಅವನು ಕೂತೇ ಇದ್ದ.

28 ಏಪ್ರಿಲ್

ತಡೆಯಾಜ್ಞೆ ಇಲ್ಲ! ಕೋರ್ಟಿಗೆ ಬೇಸಿಗೆ ರಜೆ ಬರುವ ಮೊದಲೇ ಆದೇಶ. ಎಲ್ಲರಿಗೂ ಕೊಟ್ಟದ್ದನ್ನು ಕೊಂಡವರು ಹಿಂದಕ್ಕೆ ಪಡೆಯುವಂತಿಲ್ಲ. ಬೇರೆಯವರು ಬರೆದದ್ದು ಕಂಪನಿ ಕೊಂಡದ್ದರ ಲೆಕ್ಕಕ್ಕೆ ಬರುವುದಿಲ್ಲ. ರುದ್ರಯ್ಯನವರು ಓದಿ ಹೇಳಿದರು, ಇನ್ನೊಂದು ಸಲ ಓದಿಸಿದೆ.

ಅಂಗಡಿಗೆ ಬಂದು ಮೆಷಿನ್ ಹಾಕಿಸಿದೆ. ಅದರ ಸದ್ದು ರಸ್ತೆಯವರೆಗೆ ಕೇಳಲಿ.

18 ಆಗಸ್ಟ್

ಟೈ ಕಟ್ಟಿದ ಏಜೆಂಟು ಮತ್ತೆ ಬಂದ. ದೂರ ನಿಂತ. ರಾಜಿಯಂತೆ. ನಾವು ಎದುರು ಕೇಸು ಹಾಕಿದ್ದೆವು. ನಮ್ಮದನ್ನು ಸೇರಿಸಿಕೊಂಡು ಬೀಗ ಹಾಕಿ ಮಾರಿದಿರಿ, ಷರತ್ತು ಮುರಿದವರು ನೀವು ಅಂತ. ಮೈಸೂರು, ದಾವಣಗೆರೆ, ಹಾಸನದ ಪ್ರೆಸ್ಸಿನವರೂ ನಮ್ಮ ಜೊತೆ ಸೇರಿದ್ದರು. ಫೋನು ಎತ್ತಿ ಎತ್ತಿ ಯಶಸ್ವಿನಿಯ ಕಿವಿ ಕೆಂಪಾಗಿತ್ತು.

"ಅಮ್ಮ, ನಿಮಗೆ ಮಾತ್ರ ಲೈಫ್‌ಲಾಂಗ್ ಫ್ರೀ ಕೊಡ್ತೀವಿ" ಅಂದ.

"ನನ್ನ ಲೈಫ್ ಎಷ್ಟ್ ಉಳಿದೈತೆ ಅಂತ ಲೆಕ್ಕ ಹಾಕ್ಕೊಂಡ್ ಬಂದ್ಯಾ? ಷರತ್ತಿನಂಗೆ ಒಳಗಿಂದೆಲ್ಲಾ ಬಿಚ್ಚಿ ಎಲ್ಲರ ಮುಂದೆ ಇಡಿ. ಮೂಡಲಗಿರಿಯಪ್ಪಂಗೆ ದುಡ್ಡು ವಾಪಸ್. ಅಷ್ಟೇ."

"ಅವರು ನಮ್ಮ ಕಸ್ಟಮರ್ ಅಮ್ಮ."

"ಅವ್ನು ನಮ್ಮ ಹೇಡಿ. ನಮ್ಮೋನೇ."

9 ಅಕ್ಟೋಬರ್, ಸೋಮವಾರ. ಮಧ್ಯಾಹ್ನ

ಒಪ್ಪಿದರು. ಕೋರ್ಟಿನಲ್ಲಿ ರಾಜಿ ದಾಖಲಾಯಿತು. ಕಂಪನಿ ತನ್ನ ಹೊಸ ಸಾಫ್ಟ್‌ವೇರಿನ ಒಳಗನ್ನೆಲ್ಲಾ ಇಂಟರ್ನೆಟ್ಟಿನಲ್ಲಿ ಬಿಚ್ಚಿಟ್ಟಿದೆ, ನಮ್ಮದೇ ಷರತ್ತಿನಲ್ಲಿ. ಯಾರು ಬೇಕಾದರೂ ತೆಗೆದುಕೊಳ್ಳಬಹುದು.

ಯಶಸ್ವಿನಿ ಬೆಳಿಗ್ಗೆಯಿಂದ ಅದರೊಳಗೇ ಇದ್ದಾಳೆ. ಊಟವಿಲ್ಲ. ರವೀಶ್ ಪಕ್ಕದಲ್ಲಿ, ಅದೇ ಸ್ಟೂಲಿಗೆ ಜಾಗ ಸಾಲದೆ ಪೇಪರ್ ಕಟ್ಟಿನ ಮೇಲೆ. ಕೆಲಸ ಬಿಟ್ಟು ಪಾಲಿಟೆಕ್ನಿಕ್‌ಗೆ ವಾಪಸ್ ಬಂದಿದ್ದಾನೆ. ಅಕ್ರಂ ಪಾಷಾ ಬಿರಿಯಾನಿ ಕಳಿಸುತ್ತೇನೆ ಅಂದ, ಯಾರಿಗೆ ಬೇಕೋ ಅವರು ತಿನ್ನಲಿ, ನನಗೆ ಅನ್ನ ಸಾರು ಸಾಕು ಅಂದೆ. ಮೂಡಲಗಿರಿಯಪ್ಪ ಬಾಗಿಲಲ್ಲಿ ನಿಂತಿದ್ದ. ಒಳಗೆ ಬಾ, ಗಾಳಿಗೆ ಅಡ್ಡ ನಿಲ್ಲಬೇಡ ಅಂದೆ.

"ಅಮ್ಮ, ಇಲ್ನೋಡಿ! ಪ್ರಿಂಟು ಬೇಗ ಬರಂಗೆ ಇವ್ರು ಏನೋ ಮಾಡವ್ರೆ. ಅವರ ಎಂಜಿನಿಯರ್‌ಗಳು ವರ್ಷಗಟ್ಟಲೆ ಕೂತು ಮಾಡಿರೋದು. ಭಾಳ ಚೆನ್ನಾಗೈತೆ!"

"ನಾವು ತಗೋಬೋದಾ?"

"ತಗೋಬೋದಾ ಅಂತೀರಲ್ಲ! ಷರತ್ತು ಅದೇ ತಾನೆ?" ರವೀಶ್ ನಕ್ಕ. ಆ ಹುಡುಗ ನಕ್ಕಿದ್ದನ್ನು ನೋಡಿ ವರ್ಷವಾಗಿತ್ತು.

ನಮ್ಮದನ್ನು ಕಿತ್ತುಕೊಳ್ಳಲು ಬಂದವರ ಕೆಲಸ ಈಗ ನಮ್ಮ ಮೆಷಿನ್ನಿಗೆ ಜೋಡಣೆಯಾಗುತ್ತಿದೆ. ಚೆನ್ನಾಗಿ ಮಾಡಿದವನನ್ನು ಚೆನ್ನಾಗಿ ಮಾಡಿದ ಅನ್ನಬೇಕು. ಆ ಎಂಜಿನಿಯರುಗಳಿಗೆ ಒಂದು ಕಾಗದ ಬರೆಸಬೇಕು, ತುಮಕೂರಿಗೆ ಬಂದರೆ ಕಾಫಿ ಕುಡಿಸುತ್ತೇನೆ ಅಂತ. ಸಕ್ಕರೆ ಹಾಕಿಸಿ…

ಪ್ರಿಂಟರ್ ಸದ್ದು ಶುರುವಾಯಿತು. ಎಲ್ಲರೂ ಒಟ್ಟಿಗೆ ಕೂಗುತ್ತಿದ್ದಾರೆ. ಮೊದಲ ಹಾಳೆ ನಾನೇ ಹಿಡಿಯಬೇಕಂತೆ. ಇರ್ರೋ, ಬಂದೆ, ಯಾರೂ ಮುಟ್ಟಬೇಡಿ—